ನಮ್ಮ ಕಾಲಿನ ಅಳತೆ

ನಮ್ಮ ಚಿಕ್ಕಮ್ಮ ಒಂದು ಪುರಸಭೆಯಲ್ಲಿ ಕಸ ಗುಡಿಸುತ್ತಾಳೆ. ಹೋದ ಮಳೆಗಾಲದಲ್ಲಿ ಅವಳಿಗೂ ಅವಳ ಜೊತೆಯವರಿಗೂ ಗಮ್‌ಬೂಟು ಕೊಟ್ಟರು. ಮೂಟೆಯಲ್ಲಿ ತಂದು ನೆಲಕ್ಕೆ ಸುರಿದು 'ತಗೊಳ್ರಮ್ಮಾ' ಅಂದರಂತೆ. ಎಲ್ಲಾ ಒಂಬತ್ತನೇ ನಂಬರು. ಚಿಕ್ಕಮ್ಮನ ಕಾಲಿಗೆ ಐದೂ ದೊಡ್ಡದೇ. ಹಳೇ ಸೀರೆ ಹರಿದು ಬೂಟಿನ ಮುಂಭಾಗಕ್ಕೆ ತುರುಕಿಕೊಂಡು ಒಂದು ವಾರ ನಡೆದಳು. ಎಂಟನೇ ದಿನ ಚರಂಡಿ ಪಕ್ಕದಲ್ಲಿ ಕಾಲು ಮುಂದಕ್ಕೆ ಬಂತು, ಬೂಟು ಹಿಂದೆ ಉಳಿಯಿತು. ಬಿದ್ದು ಕೈ ಮುರಿದುಕೊಂಡಳು. ರಿಜಿಸ್ಟರಿನಲ್ಲಿ ಮಾತ್ರ ಪಾದರಕ್ಷೆ ವಿತರಿಸಲಾಗಿದೆ ಅಂತ ಬರೆದು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. ಅವರಿಗೆ ಅವಳ ಹೆಬ್ಬೆಟ್ಟಿನ ಗುರುತು ಬೇಕಾಯಿತು, ಕಾಲಿನ ಅಳತೆ ಬೇಕಾಗಲಿಲ್ಲ.

ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತಿದ್ದಾಗ ನನಗೆ ತಾತನ ನೆನಪಾಯಿತು. ನಮ್ಮ ತಾತ ಮೆಟ್ಟು ಹೊಲೀತಿದ್ದ. ಊರಿನ ಕಪಿಲೆಗೆ ತೊಗಲಿನ ಬಾನಿ, ನೇಗಿಲಿಗೆ ಮಿಣಿ, ಎತ್ತಿಗೆ ಬಾರುಕೋಲು, ಗೌಡರ ಕಾಲಿಗೆ ಮೆಟ್ಟು. ಇಷ್ಟಕ್ಕೂ ವರ್ಷಕ್ಕೊಂದು ಸಲ ಕಣದಲ್ಲಿ ಮೊರದಲ್ಲಿ ಹಾಕುವ ಆಯವೇ ಕೂಲಿ. ಜೋಡು ಹೊಲಿಯೋನು ಕಾಲಿನ ಅಳತೆ ತಗೋಬೇಕಲ್ಲ, ಆದರೆ ತಾತ ಗೌಡರ ಕಾಲು ಮುಟ್ಟುವ ಹಾಗಿಲ್ಲ. ಅದಕ್ಕೆ ಏನು ಮಾಡ್ತಿದ್ದ ಗೊತ್ತೇ? ಜಗಲಿ ಮುಂದೆ ಹಸಿ ಮಣ್ಣು ಹರಡ್ತಿದ್ದ. ಗೌಡರು ಅದರ ಮೇಲೆ ಹೆಜ್ಜೆ ಊರಿ ಒಳಕ್ಕೆ ಹೋಗ್ತಿದ್ದರು. ಆಮೇಲೆ ತಾತ ಆ ಹೆಜ್ಜೆಯ ಮೇಲೆ ಅಂಚಿಕಡ್ಡಿ ಇಟ್ಟು, ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ ಒಂದು ಕಡ್ಡಿ, ಅಡ್ಡಕ್ಕೆ ಒಂದು ಕಡ್ಡಿ ಮುರಿದುಕೊಂಡು ಕೇರಿಗೆ ಬರ್ತಿದ್ದ. ಆ ಎರಡು ಕಡ್ಡಿಯಲ್ಲಿ ಒಂದು ಜೊತೆ ಮೆಟ್ಟು. ತಾತನ ಕೈ ಸೋಕಿದರೆ ಕಾಲು ಮೈಲಿಗೆ, ಅದೇ ಕೈ ತಿಂಗಳುಗಟ್ಟಲೆ ತಿಕ್ಕಿ ತೀಡಿದ ತೊಗಲು ಮಾತ್ರ ಮೈಲಿಗೆ ಅಲ್ಲ.

ಆ ಮೆಟ್ಟನ್ನು ತಲುಪಿಸಲು ತಾತ ಊರೊಳಗೆ ಬರಿಗಾಲಲ್ಲಿ ಹೋಗ್ತಿದ್ದ. ಕೈಯಲ್ಲಿ ಮೆಟ್ಟು, ಕಾಲಲ್ಲಿ ಮುಳ್ಳು. 'ನೀನ್ಯಾಕೆ ಹಾಕ್ಕೊಳ್ಳಲಿಲ್ಲ ತಾತ?' ಅಂತ ಚಿಕ್ಕವನಿದ್ದಾಗ ಕೇಳಿದ್ದೆ. 'ಹಾಕ್ಕೊಂಡು ಬೀದೀಲಿ ನಡೆದಿದ್ರೆ ಅದನ್ನೇ ತಲೆ ಮೇಲೆ ಹೊರಸೋರು ಮಗ' ಅಂದಿದ್ದ.

ಇದು ನಮ್ಮ ತಾತನೊಬ್ಬನ ಕತೆ ಅಂತ ತಿಳಿಯಬೇಡಿ. 1930ರ ಡಿಸೆಂಬರಿನಲ್ಲಿ ತಮಿಳು ಸೀಮೆಯ ರಾಮನಾಥಪುರದಲ್ಲಿ ಕಳ್ಳರ್ ಜಾತಿಯವರು ಆದಿದ್ರಾವಿಡರ ಮೇಲೆ ಎಂಟು ಕಟ್ಟಳೆ ಹೇರಿದರು. ಬೆಳ್ಳಿ ಬಂಗಾರ ತೊಡಬಾರದು, ಅಂಗಿ ಹಾಕಬಾರದು, ಮಣ್ಣಿನ ಮಡಕೆ ಬಿಟ್ಟು ಬೇರೆ ಪಾತ್ರೆ ಬಳಸಬಾರದು ಎಂಬ ಸಾಲಿನ ಕೊನೆಯಲ್ಲಿ ಇದೂ ಇತ್ತು: ಗಂಡಸರು ಕೊಡೆ ಹಿಡಿಯಬಾರದು, ಮೆಟ್ಟು ಮೆಟ್ಟಬಾರದು. ಅದು ಬ್ರಿಟಿಷರ ಕಾಲ ಅನ್ನುತ್ತೀರಾ? ಹಾಗಾದರೆ ನಮ್ಮ ಕಾಲಕ್ಕೇ ಬನ್ನಿ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯಿತು, 2016ರ ಜನವರಿ 26ರಿಂದ ಅದು ಜಾರಿಗೆ ಬಂತು. ದಲಿತರು ಸಾರ್ವಜನಿಕ ಜಾಗದಲ್ಲಿ ಸೈಕಲ್ಲು ಮೋಟಾರು ಸೈಕಲ್ಲು ಏರುವುದನ್ನು, ಹೊಸ ಬಟ್ಟೆ ಉಡುವುದನ್ನು, ಚಪ್ಪಲಿ ಹಾಕುವುದನ್ನು ತಡೆದರೆ ಅಪರಾಧ ಅಂತ ಅದರಲ್ಲಿ ಬರೆದಿದೆ. ಚಪ್ಪಲಿಹಾರ ಹಾಕುವುದೂ ಅಪರಾಧ ಅಂತ ಇದೆ. ಸ್ವಾತಂತ್ರ್ಯ ಬಂದು 68 ವರ್ಷ ಕಳೆದ ಮೇಲೂ, ಮನುಷ್ಯ ಚಪ್ಪಲಿ ಹಾಕಿಕೊಂಡು ನಡೆಯಬಹುದು ಎಂಬುದನ್ನು ಕಾಯ್ದೆಯಲ್ಲಿ ಬರೆದು ಹೇಳಬೇಕಾದ ದೇಶ ನಮ್ಮದು.

ಹನ್ನೆರಡನೇ ಶತಮಾನಕ್ಕೆ ಹೋದರೆ ಕಲ್ಯಾಣದಲ್ಲಿ ಹರಳಯ್ಯ ಸಿಗುತ್ತಾನೆ. ಬಸವಣ್ಣನಿಗಾಗಿ ಹರಳಯ್ಯ ಮತ್ತು ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಪಾದುಕೆ ಮಾಡಿದರು ಎಂಬುದು ನಮ್ಮ ಜನ ತಲೆಮಾರಿನಿಂದ ಹೇಳುತ್ತಾ ಬಂದ ಕತೆ. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆ ಮೇಲೆ ಹೊತ್ತುಕೊಂಡ ಅಂತಲೂ ಹೇಳುತ್ತಾರೆ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಬಿಜ್ಜಳನ ಆಳ್ವಿಕೆಯಲ್ಲಿ ಇಬ್ಬರು ತಂದೆಯರನ್ನೂ ಎಳೆಹೂಟೆ ಕಟ್ಟಿಸಿ ಕೊಂದರು. ಮಾದಾರ ಚೆನ್ನಯ್ಯನ ವಚನಗಳ ಅಂಕಿತದೊಳಗೇ ಕೈಯುಳಿ, ಕತ್ತಿ, ಅಡಿಗುಂಟ ಬಂದು ಕೂತಿವೆ. ನಮ್ಮ ಕಸುಬಿನ ಸಾಮಾನುಗಳು ಕನ್ನಡ ಸಾಹಿತ್ಯದೊಳಗೆ ಬಂದು ಎಂಟುನೂರು ವರ್ಷ ದಾಟಿತು.

ಈ ಕತೆಯ ಮುಂದೆ ನಾನೂ ತಲೆ ಬಾಗುತ್ತೇನೆ. ಆದರೆ ವೇದಿಕೆ ಮೇಲೆ ನಿಂತು ಹರಳಯ್ಯನ ತ್ಯಾಗವನ್ನು ಹೊಗಳುವವರಿಗೆ ಒಂದು ಮಾತು ಕೇಳಬೇಕು. ಅವನ ತೊಡೆಯ ಚರ್ಮದ ಬಗ್ಗೆ ಇಷ್ಟೊಂದು ಮಾತಾಡುತ್ತೀರಲ್ಲ, ಹರಳಯ್ಯ ತನ್ನ ಕಾಲಿಗೆ ಏನು ಹಾಕಿಕೊಂಡಿದ್ದ? ಕಲ್ಯಾಣಮ್ಮನ ಪಾದಕ್ಕೆ ಯಾರು ಅಳತೆ ತಗೊಂಡರು? ನಾವು ಚರ್ಮ ಕೊಟ್ಟದ್ದು ಪುರಾಣವಾಗುತ್ತದೆ. ನಾವು ಜೋಡು ಕೇಳಿದರೆ ಗಲಾಟೆ ಅನ್ನುತ್ತಾರೆ.

ತಾತನ ಅಂಚಿಕಡ್ಡಿ ಬರೀ ನಮ್ಮ ದೇಶದ ವಸ್ತು ಅಂದುಕೊಂಡಿದ್ದೆ. ಕಾಲೇಜಿಗೆ ಹೋಗಿ ಅಮೆರಿಕದ ಗುಲಾಮರ ಚರಿತ್ರೆ ಓದಿದಾಗ ಅದೇ ಕಡ್ಡಿ ಅಲ್ಲೂ ಸಿಕ್ಕಿತು. ಅವರ ಚರಿತ್ರೆ ನಮಗೆ ಹೊರಗಿನದಲ್ಲ. ಜೋತಿಬಾ ಫುಲೆ 1873ರಲ್ಲಿ ಬರೆದ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ನೀಗ್ರೋ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೆ. 1972ರಲ್ಲಿ ಮುಂಬಯಿಯ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿಯೇ.

ಅಮೆರಿಕದ ದಕ್ಷಿಣ ಸೀಮೆಯಲ್ಲಿ ಹತ್ತಿ ತೋಟದ ಗುಲಾಮರಿಗೆ ಸಾಮಾನ್ಯವಾಗಿ ವರ್ಷಕ್ಕೊಂದು ಜೊತೆ ಜೋಡು, ಅದೂ ಚಳಿಗಾಲ ಹತ್ತಿರ ಬಂದಾಗ. ಎಷ್ಟೋ ತೋಟಗಳಲ್ಲಿ ಮಕ್ಕಳಿಗೆ ಅದೂ ಇಲ್ಲ. ಆ ಜೋಡಿಗೆ ಬ್ರೋಗನ್ ಅಂತ ಹೆಸರು. ಗಿಣ್ಣಿನವರೆಗೆ ಬರುವ, ಒರಟು ತೊಗಲಿನ ದುಡಿಮೆಯ ಬೂಟು. ಗುಲಾಮ ಅಂಗಡಿಗೆ ಹೋಗಿ ಕಾಲು ಚಾಚುವ ಹಾಗಿರಲಿಲ್ಲ. ಎಷ್ಟೋ ಕಡೆ ಅವನ ಪಾದದ ಉದ್ದಕ್ಕೆ ಒಂದು ಕಡ್ಡಿ ಕತ್ತರಿಸಿ, ಇಲ್ಲಾ ದಾರ ಹಿಡಿದು ಅಳೆದು, ಧಣಿ ಆ ಕಡ್ಡಿ ಕಟ್ಟನ್ನೇ ಅಂಗಡಿಗೆ ಒಯ್ಯುತ್ತಿದ್ದ. 1936ರಿಂದ 1938ರವರೆಗೆ ಅಲ್ಲಿನ ಸರ್ಕಾರದ ಕಡೆಯಿಂದ ಬರಹಗಾರರು ಹೋಗಿ, ಬದುಕಿ ಉಳಿದಿದ್ದ 2000ಕ್ಕೂ ಹೆಚ್ಚು ಮಾಜಿ ಗುಲಾಮರ ಮಾತು ಬರೆದುಕೊಂಡರು. ಆ ಮುದುಕ ಮುದುಕಿಯರು ಜೋಡಿನ ಮಾತು ಮತ್ತೆ ಮತ್ತೆ ಎತ್ತುತ್ತಾರೆ. ತೊಗಲು ಮರದ ಹಲಗೆಯ ಹಾಗೆ ಬಿರುಸು. ಕೊಬ್ಬು ಸವರಿ ಮೆತ್ತಗೆ ಮಾಡಿಕೊಂಡರೂ ಹಿಮ್ಮಡಿ ಕಿತ್ತು ಬರುತ್ತಿತ್ತು.

ಕಡ್ಡಿಗೆ ಉದ್ದ ಮಾತ್ರ ಗೊತ್ತು. ಪಾದದ ಅಗಲ, ಮೇಲಿನ ಉಬ್ಬು, ಬೆರಳ ಬುಡದ ಗಂಟು ಅದಕ್ಕೆ ಕಾಣುವುದಿಲ್ಲ. ಜೊತೆಗೆ ಆಗಿನ ಅಗ್ಗದ ಜೋಡಿಗೆ ಬಹುಮಟ್ಟಿಗೆ ಎಡ ಬಲ ಎಂಬ ಭೇದವೂ ಇರಲಿಲ್ಲ, ಎರಡೂ ಒಂದೇ ಅಚ್ಚಿನವು. ದುಡ್ಡಿದ್ದವನು ಮಾತ್ರ ಎಡಗಾಲಿಗೆ ಬೇರೆ, ಬಲಗಾಲಿಗೆ ಬೇರೆ ಹೊಲಿಸಿಕೊಳ್ಳಬಹುದಿತ್ತು. ಉಳಿದವರು ನಡೆದೂ ನಡೆದೂ, ಕಾಲು ಕಚ್ಚಿಸಿಕೊಂಡೂ ಜೋಡಿಗೆ ಎಡ ಬಲ ಕಲಿಸಬೇಕು.

ನಮ್ಮೂರಲ್ಲಿ ಕಾಲು ಧಣಿಯದು, ಮುಟ್ಟಬಾರದು ಅಂತ ಕಡ್ಡಿ ಬಂತು. ಅಲ್ಲಿ ಕಾಲು ಗುಲಾಮನದು, ಅವನನ್ನು ಕೇಳುವ ಅಗತ್ಯವಿಲ್ಲ ಅಂತ ಕಡ್ಡಿ ಬಂತು. ಎರಡು ಕಡೆಯೂ ನೋವು ತಿಂದದ್ದು ದುಡಿಯುವವನು.

ಈ ಬ್ರೋಗನ್ ಹೊಲಿದವರು ಯಾರು? ಗುಲಾಮಗಿರಿ ಇಲ್ಲದ ಉತ್ತರದ ಮ್ಯಾಸಚೂಸೆಟ್ಸ್ ಸೀಮೆಯ ಊರುಗಳವರು. ಅಲ್ಲಿನ ನೇಟಿಕ್ ಎಂಬ ಊರಿನಲ್ಲಿ ಹೆನ್ರಿ ವಿಲ್ಸನ್ ಎಂಬ ಬಡ ಹುಡುಗ ಜೋಡು ಹೊಲಿಯಲು ಕಲಿತ, ಮುಂದೆ ಬ್ರೋಗನ್ ಕಾರ್ಖಾನೆಯ ಒಡೆಯನಾದ. ಆಮೇಲೆ ಗುಲಾಮಗಿರಿಯ ವಿರುದ್ಧ ನಿಂತು ಸೆನೆಟರ್ ಆದ, 1862ರಲ್ಲಿ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಗುಲಾಮಗಿರಿ ಕೊನೆಗೊಳಿಸಿದ ಮಸೂದೆ ಮಂಡಿಸಿದ, 1873ರಲ್ಲಿ ಆ ದೇಶದ ಉಪಾಧ್ಯಕ್ಷನೂ ಆದ. ಅವನ ಊರಿನ ಬ್ರೋಗನ್‌ಗಳು ಗುಲಾಮರ ಕಾಲಿಗೇ ಹೋಗುತ್ತಿದ್ದವು. ಮಾರುಕಟ್ಟೆ ಒಳ್ಳೆಯವನನ್ನೂ ಎಲ್ಲಿ ತಂದು ನಿಲ್ಲಿಸುತ್ತದೆ ನೋಡಿ.

ಅದೇ ಸೀಮೆಯ ಲಿನ್ ಊರು ಜೋಡಿಗೇ ಹೆಸರಾದ ಊರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1841ರಿಂದ ಕೆಲವು ವರ್ಷ ಅಲ್ಲೇ ಇದ್ದ, 1845ರಲ್ಲಿ ಪ್ರಕಟವಾದ ತನ್ನ ಬದುಕಿನ ಕತೆಯನ್ನು ಅಲ್ಲೇ ಬರೆದ. ಹುಡುಗನಾಗಿದ್ದಾಗ ಜೋಡಿಲ್ಲದೆ ಹಿಮಕ್ಕೆ ತನ್ನ ಪಾದ ಹೇಗೆ ಒಡೆದಿತ್ತೆಂದರೆ, ಬರೆಯುತ್ತಿರುವ ಈ ಲೇಖನಿಯನ್ನೇ ಆ ಬಿರುಕಿನಲ್ಲಿ ಇಡಬಹುದಿತ್ತು ಎಂಬ ಅರ್ಥದ ಮಾತು ಅದರಲ್ಲಿ ಬರುತ್ತದೆ. ಊರೆಲ್ಲ ಜೋಡು ಹೊಲಿಯುವ ಸದ್ದಿನ ನಡುವೆ ಕೂತು ಆ ಮನುಷ್ಯ ತನ್ನ ಬರಿಗಾಲನ್ನು ಬರೆದ. ಲೇಖನಿಯ ಅಗಲಕ್ಕೆ ಬಿರುಕನ್ನು ಅಳೆದ. ತನ್ನ ಕಾಲಿನ ಅಳತೆಯನ್ನು ತಾನೇ ತೆಗೆದುಕೊಂಡದ್ದು ಅಂದರೆ ಇದು. ನಮ್ಮ ಕೈಗೆ ಅಕ್ಷರ ಬಂದದ್ದೂ ಇದಕ್ಕೇ ಅಂತ ನನಗೆ ಅನ್ನಿಸುತ್ತದೆ.

1860ರ ಫೆಬ್ರವರಿ 22ರಂದು ಲಿನ್ ಊರಿನ ಜೋಡು ಕೆಲಸಗಾರರು ಕೂಲಿ ಕಡಿತದ ವಿರುದ್ಧ ಮುಷ್ಕರ ಹೂಡಿದರು. ಅದು ಸುತ್ತಲಿನ ಊರುಗಳಿಗೆಲ್ಲ ಹಬ್ಬಿತು. ಮಾರ್ಚ್ 7ರಂದು ಸುರಿಯುವ ಹಿಮದಲ್ಲಿ ನೂರಾರು ಹೆಂಗಸರು ಮೆರವಣಿಗೆ ಹೊರಟರು. ಅಮೆರಿಕದ ಹೆಂಗಸರು ಗುಲಾಮರಾಗುವುದಿಲ್ಲ ಎಂಬರ್ಥದ ಬಟ್ಟೆ ಅವರ ಮುಂದಿತ್ತು. ಅವರ ಹೋರಾಟ ನ್ಯಾಯದ್ದು. ಆದರೆ ಅದೇ ಸೀಮೆಯ ಜೋಡು ತೊಟ್ಟು ನಿಜವಾಗಿಯೂ ಗುಲಾಮರಾಗಿದ್ದ ಹೆಂಗಸರು ಹತ್ತಿ ಹೊಲದಲ್ಲಿದ್ದರಲ್ಲ, ಅವರ ಮಾತು ಆ ಬಟ್ಟೆಯ ಮೇಲೆ ಇರಲಿಲ್ಲ. ನಮ್ಮ ಕಾರ್ಮಿಕ ಸಂಘಗಳ ಬಾವುಟದಲ್ಲಿ ಕೇರಿಯ ಮಾತು ಎಷ್ಟಿದೆ ಅಂತ ನಾವೂ ಕೇಳಿಕೊಳ್ಳಬೇಕು.

ಆ ಊರಿಗೆ 1870ರ ದಶಕದ ಕೊನೆಯಲ್ಲಿ ಒಬ್ಬ ಕಪ್ಪು ಯುವಕ ಬಂದ. ಯಾನ್ ಮಾಟ್ಸೆಲಿಗರ್. 1852ರಲ್ಲಿ ಸುರಿನಾಮಿನಲ್ಲಿ ಹುಟ್ಟಿದವನು, ತಾಯಿ ಕಪ್ಪು ಹೆಂಗಸು, ತಂದೆ ಡಚ್ಚಿನವನು. ಆಗ ಜೋಡಿನ ಕೆಲಸದಲ್ಲಿ ಹೊಲಿಗೆಗೆ ಯಂತ್ರ ಬಂದಿತ್ತು. ಮೇಲಿನ ತೊಗಲನ್ನು ಮರದ ಕಾಲಚ್ಚಿನ ಮೇಲೆ ಎಳೆದು, ಮಡಿಸಿ, ಅಟ್ಟೆಗೆ ಕೂರಿಸುವ ಕೆಲಸ ಮಾತ್ರ ಕೈಯಲ್ಲೇ ಆಗಬೇಕಿತ್ತು. ನುರಿತವನು ದಿನವೆಲ್ಲ ದುಡಿದರೆ 50 ಜೊತೆ. ಇದನ್ನು ಯಂತ್ರ ಮಾಡಲು ಸಾಧ್ಯವೇ ಇಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಮಾಟ್ಸೆಲಿಗರ್ ಹಗಲು ಕಾರ್ಖಾನೆಯಲ್ಲಿ ದುಡಿದು, ರಾತ್ರಿ ಸಿಗಾರಿನ ಡಬ್ಬ, ಮರದ ಚೂರು, ತಂತಿ ಇಟ್ಟುಕೊಂಡು ಯಂತ್ರ ಕಟ್ಟಿದ. ನಕ್ಷೆ ನೋಡಿ ತಿಳಿಯದೆ ಪೇಟೆಂಟ್ ಕಚೇರಿಯವನು ವಾಷಿಂಗ್ಟನ್ನಿನಿಂದ ಲಿನ್ನಿಗೇ ಬಂದು ಯಂತ್ರ ನೋಡಬೇಕಾಯಿತು. 1883ರ ಮಾರ್ಚ್ 20ರಂದು ಪೇಟೆಂಟ್ ಸಿಕ್ಕಿತು. ಯಂತ್ರ ಸುಧಾರಿಸುತ್ತಾ ಹೋಗಿ ದಿನಕ್ಕೆ 700 ಜೊತೆಯವರೆಗೂ ಮುಟ್ಟಿತು. ಜೋಡಿನ ಬೆಲೆ ಇಳಿಯಿತು, ಬಡವರೂ ಕೊಳ್ಳುವ ಹಾಗಾಯಿತು.

ಅವನಿಗೇನು ಸಿಕ್ಕಿತು? ದುಡ್ಡಿಲ್ಲದೆ ಯಂತ್ರದ ಹಕ್ಕಿನಲ್ಲಿ ಮೂರನೇ ಎರಡು ಪಾಲನ್ನು ಬಂಡವಾಳ ಹಾಕಿದವರಿಗೆ ಮೊದಲೇ ಬಿಟ್ಟುಕೊಟ್ಟಿದ್ದ. ಕಪ್ಪು ಬಣ್ಣದವನೆಂದು ಊರಿನ ಚರ್ಚುಗಳು ಸೇರಿಸಲಿಲ್ಲ. ಸೇರಿಸಿಕೊಂಡ ಒಂದೇ ಒಂದು ಚರ್ಚಿಗೆ ತನ್ನ ಪಾಲಿನ ಷೇರು ಬರೆದಿಟ್ಟು, 1889ರಲ್ಲಿ 36ನೇ ವಯಸ್ಸಿಗೆ ಕ್ಷಯದಿಂದ ಸತ್ತ. ಇವತ್ತು ನಾವು ಹಾಕುವ ಎಷ್ಟೋ ಕಾರ್ಖಾನೆ ಬೂಟಿನ ಬೆನ್ನಿಗೆ ಆ ಕಪ್ಪು ಕೈಯ ಬುದ್ಧಿ ಇದೆ. ನಮ್ಮ ಪಠ್ಯಪುಸ್ತಕದಲ್ಲಿ ಅವನ ಹೆಸರು ನಾನಂತೂ ಓದಲಿಲ್ಲ.

ಯಂತ್ರ ಬಂದ ಮೇಲೆ ಅಳತೆ ನಂಬರಾಯಿತು. ಇಂಗ್ಲಿಷರ ನಂಬರಿನ ಹಿಂದೆ ಇರುವುದು ಜವೆಗೋಧಿ. ಮೂರು ಜವೆಯ ಉದ್ದ ಒಂದು ಇಂಚು. ಒಂದು ನಂಬರಿಗೂ ಅದರ ಮುಂದಿನ ನಂಬರಿಗೂ ನಡುವೆ ಒಂದು ಜವೆಯ ಅಂತರ, ಅಂದರೆ ಇಂಚಿನ ಮೂರನೇ ಒಂದು ಭಾಗ. ನಮ್ಮ ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಎಂಟು ಜವೆ ಸೇರಿದರೆ ಒಂದು ಅಂಗುಲ. ಎರಡು ಕಡೆಯೂ ರೈತ ಬೆಳೆದ ಕಾಳಿನಿಂದಲೇ ರಾಜರು ಲೋಕ ಅಳೆದರು. ಕಾಳು ಬೆಳೆದವನ ಕಾಲು ಆ ಲೆಕ್ಕಕ್ಕೆ ಬರಲಿಲ್ಲ.

ಇಂಡಿಯಾಕ್ಕೆ ಈ ನಂಬರಿನ ಬೂಟು ಬಂದದ್ದು ಮುಖ್ಯವಾಗಿ ಸೈನ್ಯದ ದಾರಿಯಲ್ಲಿ. 1857ರ ದಂಗೆಯ ನಂತರ, 1860ರ ದಶಕದಲ್ಲಿ ಕಾನ್ಪುರದಲ್ಲಿ ಸರ್ಕಾರದ ಜೀನು ತೊಗಲಿನ ಕಾರ್ಖಾನೆ ಎದ್ದಿತು. 1880ರ ದಶಕದ ಆರಂಭದಲ್ಲಿ ಕೂಪರ್ ಆಲನ್ ಕಂಪನಿ ಸೈನಿಕರಿಗೆ ಬೂಟು ಮಾಡತೊಡಗಿತು. ಸುತ್ತಲಿನ ಚಮಾರ್ ಜನ ಹಳ್ಳಿಯ ಬಿಟ್ಟಿ ಬಿಟ್ಟು ಅಲ್ಲಿ ಕೂಲಿಯಾದರು. ಅವರು ಹೊಲಿದ ಬೂಟು ಯಾರದೋ ಯುದ್ಧಕ್ಕೆ ಹೋಯಿತು. ಆದರೂ ಅಲ್ಲಿ ಕೈಗೆ ರೊಕ್ಕ ಸಿಕ್ಕಿತು, ಕಣದಲ್ಲಿ ಮೊರ ಒಡ್ಡುವುದು ತಪ್ಪಿತು. ಅದಕ್ಕೇ ನಾನು ಕುಲಕಸುಬು ಹಾಳಾಯಿತು ಅಂತ ಅಳುವವನಲ್ಲ. ತಾತನ ಉಳಿಯನ್ನು ನಮ್ಮಪ್ಪ ಕೈಗೆ ತಗೊಳ್ಳಲಿಲ್ಲ, ನನ್ನ ಕೈಗೆ ಪೆನ್ನು ಕೊಟ್ಟ. ಆದರೆ ಕಸುಬಿಗೆ ಅಂಟಿಸಿದ ಅವಮಾನವನ್ನು ಬಿಡುವಾಗ ಕಸುಬಿನ ಜ್ಞಾನವನ್ನೂ ಬಿಟ್ಟುಬಿಡಬೇಕಾಗಿಲ್ಲ.

ಆ ಪರದೇಶದ ನಂಬರು ನಮ್ಮ ಪಾದಕ್ಕೆ ಹೊಂದುವುದಿಲ್ಲ ಅಂತ ಈಗ ವಿಜ್ಞಾನಿಗಳೂ ಹೇಳುತ್ತಿದ್ದಾರೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021-22ರಲ್ಲಿ ದೇಶದ 1 ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ನಮ್ಮ ಪಾದ ಅಗಲ, ಇಂಗ್ಲಿಷ್ ಅಮೆರಿಕನ್ ಅಚ್ಚು ಅದಕ್ಕೆ ಇಕ್ಕಟ್ಟು ಎಂದು ಕಂಡು, 'ಭ' ಎಂಬ ಹೊಸ ಅಳತೆಯನ್ನು ಶಿಫಾರಸು ಮಾಡಿತು. ಬರಿಗಾಲಲ್ಲಿ ಬೆಳೆದವರ ಪಾದ ಇನ್ನೂ ಹರಡಿಕೊಂಡಿರುತ್ತದೆ, ಬೆರಳುಗಳು ಬಿಡಿಸಿಕೊಂಡಿರುತ್ತವೆ. ಉದ್ದದ ನಂಬರು ಸರಿ ಇದ್ದರೂ ಕಿರುಬೆರಳು ನಲುಗುತ್ತದೆ. ಅಗಲ ಸಿಗಲಿ ಅಂತ ಎರಡು ನಂಬರು ದೊಡ್ಡದು ತಗೊಂಡರೆ ಹಿಮ್ಮಡಿ ಜಾರುತ್ತದೆ. ಹಾಗಾಗಿ ದುಡಿಯುವವನಿಗೆ ಕೈಯಲ್ಲಿ ಅಳತೆ ತೆಗೆದು ಮಾಡಿದ ಬೂಟು ಶೋಕಿಯಲ್ಲ.

ತಾತನಿಂದ ಕೇಳಿದ್ದು, ಆಮೇಲೆ ಹೊಲಿಯುವವರ ಹತ್ತಿರ ಕೂತು ತಿಳಿದದ್ದು ಇಲ್ಲಿ ಬರೆಯುತ್ತೇನೆ. ಸಂಘದ ಗೆಳೆಯರು, ಮೇಷ್ಟ್ರುಗಳು ನಾಲ್ಕು ಜನಕ್ಕೆ ಹೇಳಬೇಕು. ಅಳತೆಯನ್ನು ಸಂಜೆ ಕೊಡಿ. ದಿನವೆಲ್ಲ ನಿಂತ ಕಾಲು ಬೆಳಗಿಗಿಂತ ಊದಿರುತ್ತದೆ. ಕೂತು ಕೊಡಬೇಡಿ, ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಂತು ಕೊಡಿ. ಕಾಗದದ ಮೇಲೆ ಪಾದ ಇಟ್ಟು ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಿರಿ. ಎರಡು ಕಾಲೂ ಅಳೆಯಿರಿ, ಒಂದೇ ಸಮ ಇರುವುದು ಅಪರೂಪ. ದೊಡ್ಡ ಕಾಲಿಗೆ ಹೊಂದಿಸಬೇಕು. ಉದ್ದ ಸಾಲದು, ಟೇಪು ಹಿಡಿದು ಹೆಬ್ಬೆರಳ ಬುಡದ ಗಂಟಿನ ಸುತ್ತ, ಪಾದದ ಮೇಲುಬ್ಬಿನ ಸುತ್ತ, ಹಿಮ್ಮಡಿಯಿಂದ ಕಣಕಾಲಿನ ಮುಂದಕ್ಕೆ ಸುತ್ತ, ಹೀಗೆ ಸುತ್ತಳತೆಯನ್ನೂ ಬರೆದುಕೊಳ್ಳಿ. ಕೆಲಸಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಅಳೆಯಿರಿ.

ಬೂಟು ಬಂದ ಮೇಲೆ ಹಾಕಿ ನಿಂತು ನೋಡಿ. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳ ಅಗಲದಷ್ಟು ಜಾಗ ಇರಬೇಕು, ಇಳಿಜಾರಿನಲ್ಲಿ ಭಾರ ಹೊತ್ತು ಇಳಿಯುವಾಗ ಅದು ಬೇಕು. ಹೊಸ ಬೂಟಿನಲ್ಲಿ ಹಿಮ್ಮಡಿ ಕೊಂಚ ಎದ್ದರೆ ಹೆದರಬೇಡಿ, ಅಟ್ಟೆ ಬಾಗಲು ಕಲಿತರೆ ಸರಿಯಾಗುತ್ತದೆ. ತೊಗಲು ಅಗಲಕ್ಕೆ ತುಸು ಬಿಟ್ಟುಕೊಡುತ್ತದೆ, ಉದ್ದಕ್ಕೆ ಬಿಡುವುದಿಲ್ಲ. ಹಾಗಾಗಿ ಬೆರಳು ತಗಲುವ ಬೂಟನ್ನು ಹಾಕ್ಕೊಂಡು ಸರಿಮಾಡ್ತೀನಿ ಅನ್ನಬೇಡಿ. ಅಟ್ಟೆಯನ್ನು ಬರೀ ಅಂಟಿನಿಂದ ಕೂರಿಸಿದ್ದಾರೋ ಹೊಲಿದಿದ್ದಾರೋ ನೋಡಿ. ಹೊಲಿದದ್ದಾದರೆ ಸವೆದ ಮೇಲೆ ಬಿಚ್ಚಿ ಹೊಸ ಅಟ್ಟೆ ಹಾಕಿಸಬಹುದು. ಕಲ್ಲು ಹೊರುವವರಿಗೆ, ಗಾಡಿ ತಳ್ಳುವವರಿಗೆ, ಬೀದಿ ಗುಡಿಸುವವರಿಗೆ ತೊಗಲಿನ ಬೂಟು ನಡೆಯುತ್ತದೆ. ಚರಂಡಿ ನೀರಿನ ಪಕ್ಕ ದುಡಿಯುವವರಿಗೆ ರಬ್ಬರಿನದೇ ಬೇಕು, ಅದೂ ಅವರವರ ಅಳತೆಯದು. ಗುಂಡಿಯೊಳಕ್ಕೆ ಮನುಷ್ಯನನ್ನು ಇಳಿಸಲು ಮಾತ್ರ ಯಾವ ಬೂಟೂ ನೆಪವಾಗಬಾರದು. ಅದನ್ನು ನಿಲ್ಲಿಸಲೆಂದೇ 2013ರ ಕಾಯ್ದೆ ಬಂದಿದೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಬೂಟು ಕೊಳ್ಳುವ ಮುಂಚೆ ಹಾಕಿಕೊಳ್ಳುವವರನ್ನು ಕೇಳಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಕಾಲಿನ ಅಳತೆಗೂ ಒಂದು ಕಾಲಂ ಇರಬೇಕು. ಈ ರಾಜ್ಯದಲ್ಲಿ 1976ರಲ್ಲೇ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿದೆ, ಕೆಲಸ ಬಲ್ಲ ಕೈಗಳು ಕೇರಿಗಳಲ್ಲಿ ಇನ್ನೂ ಇವೆ. ಮೂಟೆ ತರುವ ಗುತ್ತಿಗೆದಾರನಿಗೆ ಕೊಡುವ ದುಡ್ಡನ್ನು ಅಳತೆ ತೆಗೆಯುವ ಕೈಗೆ ಯಾಕೆ ಕೊಡಬಾರದು?

ಹೋದ ತಿಂಗಳು ಚಿಕ್ಕಮ್ಮನ ಮನೆಯಲ್ಲಿ ಹಳೇ ಕ್ಯಾಲೆಂಡರ್ ಹಾಳೆ ಹಾಸಿ ಅವಳನ್ನು ನಿಲ್ಲಿಸಿದೆ. ಪೆನ್ಸಿಲು ಹಿಡಿದು ಬಗ್ಗಿದರೆ ಕಾಲು ಹಿಂದಕ್ಕೆ ಎಳಕೊಂಡಳು. 'ಬೇಡ ಕಣೋ, ಓದಿದೋನು ನನ್ನ ಕಾಲು ಮುಟ್ತೀಯಾ' ಅಂದಳು. ಅವಳ ಹಿಮ್ಮಡಿ ಒಡೆದಿತ್ತು, ಕಿರುಬೆರಳು ಮಡಿಸಿಕೊಂಡಿತ್ತು. ಕೈಯಿಂದ ಪಾದ ಹಿಡಿದು ಹಾಳೆ ಮೇಲೆ ಊರಿಸಿದೆ. ಎಡಗಾಲು ಬಲಗಾಲಿಗಿಂತ ಕಾಲು ಇಂಚು ಉದ್ದ ಇತ್ತು. ಐವತ್ತು ವರ್ಷ ಆ ಕಾಲಿನ ಮೇಲೆ ನಡೆದ ಅವಳಿಗೇ ಅದು ಗೊತ್ತಿರಲಿಲ್ಲ. ಅವಳ ಜೊತೆ ಗುಡಿಸುವ ಹದಿನೇಳು ಹೆಂಗಸರ ಅಳತೆಯನ್ನೂ ಮಾರನೇ ಭಾನುವಾರ ತೆಗೆದೆವು. ಹದಿನೆಂಟು ಹಾಳೆಗಳನ್ನು ದಾರ ಪೋಣಿಸಿ ಹೊಲಿದು ಅರ್ಜಿಯ ಜೊತೆ ಕಚೇರಿಗೆ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಬರುವ ಸೋಮವಾರ ಹದಿನೆಂಟು ಜನವೂ ಅದೇ ಕಾಲುಗಳಲ್ಲಿ ನಡೆದುಕೊಂಡು ಕೇಳಲಿಕ್ಕೆ ಹೋಗುತ್ತೇವೆ.